ಮೂರು ಗಂಟೆ ಮುಂಚೆ ಎಂಬ ಅರ್ಧ ಮಾತು

ವಿಮಾನ ಹತ್ತುವವರಿಗೆ ನಮ್ಮಲ್ಲೊಂದು ಸಿದ್ಧ ಸಲಹೆ ಇದೆ: ದೇಶದೊಳಗಿನ ಪ್ರಯಾಣವಾದರೆ ಎರಡು ಗಂಟೆ ಮುಂಚೆ, ಹೊರದೇಶವಾದರೆ ಮೂರು ಗಂಟೆ ಮುಂಚೆ ನಿಲ್ದಾಣದಲ್ಲಿರಿ. ಟಿಕೆಟ್ ಮಾಡಿಸಿಕೊಡುವ ಅಂಗಡಿಯವರು ಇದನ್ನೇ ಹೇಳುತ್ತಾರೆ, ವಿಮಾನ ಕಂಪನಿಯ ಸಂದೇಶದಲ್ಲೂ ಇದೇ ಇರುತ್ತದೆ, ಹೋದ ವರ್ಷ ಅಂಡಮಾನ್ ನೋಡಿ ಬಂದ ನೆಂಟರ ಬಾಯಲ್ಲೂ ಇದೇ ಮಾತು. ಸಲಹೆ ಸುಳ್ಳಲ್ಲ, ಆದರೆ ಅರ್ಧ. ನಿಲ್ದಾಣದ ಬಾಗಿಲಿನಿಂದ ವಿಮಾನದ ಬಾಗಿಲಿನವರೆಗೆ ಹಿಡಿಯುವ ಹೊತ್ತನ್ನು ಅದು ಲೆಕ್ಕ ಹಾಕುತ್ತದೆ. ತಂಗಿದ ಕಡೆಯಿಂದ ನಿಲ್ದಾಣದ ಬಾಗಿಲಿನವರೆಗಿನ ದಾರಿಯನ್ನು ಪ್ರಯಾಣಿಕರ ಹಣೆಬರಹಕ್ಕೆ ಬಿಟ್ಟುಬಿಡುತ್ತದೆ. ಬೆಂಗಳೂರಿನ ಯಲಹಂಕದಲ್ಲಿ ಮನೆ ಇರುವವರಿಗೆ ಇದರಿಂದ ದೊಡ್ಡ ತೊಂದರೆಯಿಲ್ಲ. ಒಂದು ಟ್ಯಾಕ್ಸಿ ಬರದಿದ್ದರೆ ಇನ್ನೊಂದು ಬರುತ್ತದೆ. ಆದರೆ ಅಂಡಮಾನಿನ ಸ್ವರಾಜ್ ದ್ವೀಪದಿಂದ ಆಂಧ್ರದ ಗಡಿಯ ಹಿಂದೂಪುರಕ್ಕೋ ಕಲ್ಯಾಣದುರ್ಗಕ್ಕೋ ಮರಳಬೇಕಾದ ಕುಟುಂಬಕ್ಕೆ ಈ ಅರ್ಧ ಮಾತು ನಿಜಕ್ಕೂ ದುಬಾರಿ. ನನ್ನ ವಾದ ಇಷ್ಟೇ: ಎಷ್ಟು ಮುಂಚೆ ಹೋಗಬೇಕು ಎಂಬುದನ್ನು ನಿಲ್ದಾಣ ಎಷ್ಟು ದೂರವಿದೆ ಎಂಬುದರಿಂದಲೋ, ಅಲ್ಲಿನ ಸಾಲು ಎಷ್ಟು ಉದ್ದವಿದೆ ಎಂಬುದರಿಂದಲೋ ಅಳೆಯಬಾರದು. ಕೈತಪ್ಪಿದ ವಾಹನದ ಬದಲು ಇನ್ನೊಂದು ಎಷ್ಟು ಹೊತ್ತಿಗೆ ಸಿಗುತ್ತದೆ ಎಂಬುದರಿಂದ ಅಳೆಯಬೇಕು. ಹಾಗೆ ಅಳೆದರೆ ಸಮುದ್ರದ ನಡುವಿನ ಊರಿಗೂ ನಮ್ಮ ಗಡಿಯ ಬಯಲುಸೀಮೆಯ ಊರಿಗೂ ನಾವು ಅಂದುಕೊಂಡಷ್ಟು ಅಂತರವಿಲ್ಲ.

ಮೊದಲು ಆ ಎರಡು ಗಂಟೆಯೊಳಗೆ ಏನಿದೆ ಎಂದು ನೋಡೋಣ. ನಮ್ಮ ದೇಶದ ವಿಮಾನ ಕಂಪನಿಗಳು ಒಳನಾಡಿನ ಪ್ರಯಾಣಕ್ಕೆ ಸಾಮಾನ್ಯವಾಗಿ ಹೊರಡುವ 60 ನಿಮಿಷ ಮೊದಲೇ ಚೆಕ್-ಇನ್ ಕೌಂಟರ್ ಮುಚ್ಚುತ್ತವೆ. ಹೊರದೇಶದ ವಿಮಾನಕ್ಕೆ ಇದು 60ರಿಂದ 75 ನಿಮಿಷ. ಹತ್ತುವ ಗೇಟು ಸುಮಾರು 25 ನಿಮಿಷ ಮೊದಲು ಮುಚ್ಚುತ್ತದೆ. ಅಂದರೆ ಎರಡು ಗಂಟೆ ಮುಂಚೆ ಬಂದವರ ಕೈಯಲ್ಲಿ ನಿಜವಾಗಿ ಉಳಿಯುವುದು ಒಂದೇ ಗಂಟೆ. ಬಾಗಿಲಲ್ಲಿ ಸಿಐಎಸ್‌ಎಫ್ ಸಿಬ್ಬಂದಿಗೆ ಗುರುತಿನ ಚೀಟಿ ತೋರಿಸುವುದು, ಲಗೇಜ್ ಸಾಲಿನಲ್ಲಿ ನಿಲ್ಲುವುದು, ತೂಕ ಹೆಚ್ಚಾಗಿದ್ದರೆ ಪೆಟ್ಟಿಗೆ ಬಿಚ್ಚಿ ಮತ್ತೆ ಕಟ್ಟುವುದು ಎಲ್ಲವೂ ಆ ಒಂದು ಗಂಟೆಯಲ್ಲಿ ಮುಗಿಯಬೇಕು. ಭದ್ರತಾ ತಪಾಸಣೆಗೂ ಗೇಟಿನವರೆಗಿನ ನಡಿಗೆಗೂ ಕೌಂಟರ್ ಮುಚ್ಚಿದ ಮೇಲಿನ ಅರ್ಧ ಗಂಟೆ ಮಾತ್ರ. ಎಲ್ಲವೂ ಸುಸೂತ್ರವಾಗಿದ್ದರೆ ಇಷ್ಟು ಸಾಕು. ಸಾಲು ಸ್ವಲ್ಪ ಉದ್ದವಾದರೂ ತಡೆದುಕೊಳ್ಳಬಹುದು. ಆದರೆ ಈ ಒಂದು ಗಂಟೆಗೆ ತಪ್ಪಿದ ಬಸ್ಸನ್ನೋ, ರದ್ದಾದ ದೋಣಿಯನ್ನೋ, ಕೆಟ್ಟು ನಿಂತ ಜೀಪನ್ನೋ ಹೊರುವ ತಾಕತ್ತಿಲ್ಲ. ನಿಲ್ದಾಣದ ಒಳಗಿನ ತಡಗಳು ನಿಮಿಷದ ಲೆಕ್ಕದವು. ಹೊರಗಿನ ತಡಗಳು ಗಂಟೆಯ, ಕೆಲವೊಮ್ಮೆ ದಿನದ ಲೆಕ್ಕದವು. ಎರಡಕ್ಕೂ ಒಂದೇ ಅಳತೆಗೋಲು ಹಿಡಿಯುವುದರಿಂದಲೇ ಪೇಚಾಟ ಶುರುವಾಗುತ್ತದೆ.

ಈ ಮಾತಿಗೆ ಅಂಡಮಾನಿಗಿಂತ ಒಳ್ಳೆಯ ಸಾಕ್ಷಿ ಬೇಕಿಲ್ಲ. ಎಲ್‌ಟಿಸಿ (ರಜಾ ಪ್ರಯಾಣ ರಿಯಾಯಿತಿ) ಸೌಲಭ್ಯದಡಿ ಅಲ್ಲಿಗೆ ವಿಮಾನದಲ್ಲಿ ಹೋಗಲು ಕೇಂದ್ರ ಸರ್ಕಾರ ತನ್ನ ನೌಕರರಿಗೆ ವಿಶೇಷ ಸಡಿಲಿಕೆ ಕೊಟ್ಟ ಮೇಲೆ ಅಂಚೆಯಂಥ ಇಲಾಖೆಗಳ ಸಾಮಾನ್ಯ ಕುಟುಂಬಗಳಿಗೂ ಆ ದ್ವೀಪಗಳು ಕೈಗೆಟುಕಿದವು. 2024ರ ಸೆಪ್ಟೆಂಬರಿನಲ್ಲಿ ಪೋರ್ಟ್ ಬ್ಲೇರ್ ಪಟ್ಟಣಕ್ಕೆ ಶ್ರೀ ವಿಜಯಪುರಂ ಎಂದು ಹೆಸರು ಬದಲಾಯಿತು. ಅಲ್ಲಿನ ವೀರ ಸಾವರ್ಕರ್ ಅಂತರರಾಷ್ಟ್ರೀಯ ವಿಮಾನ ನಿಲ್ದಾಣ ಪಟ್ಟಣದ ಮಗ್ಗುಲಲ್ಲೇ ಇದೆ. 2023ರ ಜುಲೈನಲ್ಲಿ ಹೊಸ ಟರ್ಮಿನಲ್ ಕೂಡ ಉದ್ಘಾಟನೆಯಾಯಿತು. ಪಟ್ಟಣದೊಳಗೆ ತಂಗಿದವರಿಗೆ ಆಟೋದಲ್ಲಿ ಕೆಲವೇ ನಿಮಿಷದ ದಾರಿ. ಆದರೆ ಪ್ರವಾಸಿಗರು ಹೋಗುವುದು ಪಟ್ಟಣ ನೋಡಲು ಮಾತ್ರವಲ್ಲ, ಸ್ವರಾಜ್ ದ್ವೀಪ, ಶಹೀದ್ ದ್ವೀಪಗಳ ಕಡಲತೀರಕ್ಕೆ. ಮೊದಲು ಹ್ಯಾವ್‌ಲಾಕ್, ನೀಲ್ ಎನ್ನುತ್ತಿದ್ದ ಈ ದ್ವೀಪಗಳಿಂದ ಮರಳಲು ದೋಣಿಯೇ ಗತಿ. ಖಾಸಗಿ ವೇಗದ ದೋಣಿ ಒಂದೂವರೆ, ಎರಡು ಗಂಟೆ ತೆಗೆದುಕೊಂಡರೆ ಸರ್ಕಾರಿ ದೋಣಿ ಇನ್ನೂ ಹೆಚ್ಚು. ಮಳೆಗಾಲದಲ್ಲಿ ಕಡಲು ಕೆರಳಿದರೆ ದೋಣಿ ಹೊರಡುವುದೇ ಇಲ್ಲ. ಉತ್ತರದ ದಿಗ್ಲಿಪುರದ ಕಡೆಯಿಂದ ರಸ್ತೆಯಲ್ಲಿ ಬರುವವರಿಗೆ ಬೇರೆಯದೇ ಕಟ್ಟು: ಜಾರವಾ ಬುಡಕಟ್ಟಿನ ಮೀಸಲು ಕಾಡಿನ ಮೂಲಕ ವಾಹನಗಳು ಗೊತ್ತುಪಡಿಸಿದ ಹೊತ್ತಿನಲ್ಲಿ ಬೆಂಗಾವಲಿನ ಸಾಲಾಗಿಯೇ ಸಾಗಬೇಕು. ದಿನದ ಕೊನೆಯ ಸಾಲು ತಪ್ಪಿದರೆ ಮರುದಿನವೇ ದಾರಿ. ಇನ್ನೊಂದು ಸಂಗತಿ ಹಲವರ ಗಮನಕ್ಕೇ ಬರುವುದಿಲ್ಲ. ಹಿಂದೂಪುರಕ್ಕೂ ಶ್ರೀ ವಿಜಯಪುರಂಗೂ ಒಂದೇ ಗಡಿಯಾರ, ಆದರೆ ರೇಖಾಂಶದಲ್ಲಿ ಸುಮಾರು ಹದಿನೈದು ಡಿಗ್ರಿ ಅಂತರ. ಅಂದರೆ ಸೂರ್ಯ ಅಲ್ಲಿ ಸುಮಾರು ಒಂದು ಗಂಟೆ ಮುಂಚೆ ಏಳುತ್ತಾನೆ, ಚಳಿಗಾಲದಲ್ಲಿ ಸಂಜೆ ಐದರ ಸುಮಾರಿಗೇ ಮುಳುಗುತ್ತಾನೆ. ದೋಣಿಯ ದಿನವೂ ಅಷ್ಟೇ ಬೇಗ ಮುಗಿಯುತ್ತದೆ.

ಹಾಗಾದರೆ ಸ್ವರಾಜ್ ದ್ವೀಪದಲ್ಲಿರುವವರು ಮನೆಗೆ ಹೊರಡುವಾಗ ವಿಮಾನ ನಿಲ್ದಾಣಕ್ಕೆ ಎಷ್ಟು ಮುಂಚೆ ಬರಬೇಕು? ಕೌಂಟರಿನ ಮುಂದೆ ಎರಡು ಗಂಟೆ ಮೊದಲು ನಿಂತರೆ ಸಾಕು. ಆದರೆ ಆ ಪಟ್ಟಣಕ್ಕೆ ಹಿಂದಿನ ದಿನ ಹಗಲಲ್ಲೇ ಬಂದಿರಬೇಕು. ಈ ಎರಡನ್ನೂ ಬೇರೆ ಬೇರೆಯಾಗಿ ನೋಡುವುದೇ ಲೆಕ್ಕದ ಗುಟ್ಟು. ನಮ್ಮ ಹಿರಿಯರಲ್ಲಿ ಪರಸ್ಥಾನ ಇಡುವ ಪದ್ಧತಿ ಇತ್ತು. ಹೊರಡುವ ದಿನ ಒಳ್ಳೆಯ ಗಳಿಗೆ ಇಲ್ಲದಿದ್ದರೆ, ಮೊದಲೇ ಒಂದು ಗಳಿಗೆ ನೋಡಿ ಬಟ್ಟೆಯ ಗಂಟೊಂದನ್ನು ನೆರೆಮನೆಯಲ್ಲಿಟ್ಟು ಬರುತ್ತಿದ್ದರು. ಪ್ರಯಾಣ ಆಗಲೇ ಶುರುವಾದಂತೆ. ಮುಹೂರ್ತದ ನಂಬಿಕೆಯನ್ನು ಪಕ್ಕಕ್ಕಿಟ್ಟು ನೋಡಿದರೆ ಅದರೊಳಗೆ ಒಂದು ಒಳ್ಳೆಯ ಪ್ರಯಾಣ ಬುದ್ಧಿ ಇದೆ. ಹೊರಡುವುದನ್ನೂ ಹತ್ತುವುದನ್ನೂ ಒಂದೇ ದಾರಕ್ಕೆ ಕಟ್ಟಬೇಡ, ನಿನ್ನ ಕೈಯಲ್ಲಿಲ್ಲದ ತೊಡಕನ್ನು ಮೊದಲೇ ದಾಟಿಕೊ ಎಂಬ ಬುದ್ಧಿ. ದ್ವೀಪದಲ್ಲಿ ಕೊನೆಯ ರಾತ್ರಿಯನ್ನು ವಿಮಾನ ನಿಲ್ದಾಣವಿರುವ ದಡದಲ್ಲೇ ಕಳೆಯುವುದು ಇಂದಿನ ಪರಸ್ಥಾನ. ಗಂಟನ್ನಲ್ಲ, ನಮ್ಮನ್ನೇ ಇಟ್ಟುಕೊಳ್ಳುವುದು ಮಾತ್ರ ವ್ಯತ್ಯಾಸ.

ಇನ್ನೆರಡು ದ್ವೀಪಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಿದರೆ ಈ ತತ್ವ ಇನ್ನಷ್ಟು ಸ್ಪಷ್ಟವಾಗುತ್ತದೆ. ಲಕ್ಷದ್ವೀಪದ ಅಗತ್ತಿಯ ಉದ್ದ ಏಳು ಕಿಲೋಮೀಟರಿನ ಆಸುಪಾಸು. ಅದರ ಒಂದು ತುದಿಯೇ ವಿಮಾನದ ಓಡುಹಾದಿ. ಆ ದ್ವೀಪದ ಯಾವ ಮನೆಯಿಂದ ಹೊರಟರೂ ನಿಲ್ದಾಣ ಹತ್ತಿರವೇ. ಆದರೆ ವಿಮಾನ ಇಳಿಯುವ ದ್ವೀಪ ಅದೊಂದೇ. ಕವರಟ್ಟಿಯಿಂದಲೋ ಕಡಮತ್‌ನಿಂದಲೋ ಬರುವವರು ಕಡಲು ದಾಟಿಯೇ ಬರಬೇಕು, ಅವರಿಗೆ ಗಂಟೆಗಳ ಲೆಕ್ಕ ಸಾಲದು. ಇನ್ನೊಂದು ಕಡೆ ಬಹ್ರೈನ್. ಅಲ್ಲಿ ದಶಕಗಳಿಂದ ಕನ್ನಡ ಸಂಘವಿದೆ, ಬೆಂಗಳೂರಿಗೆ ಗಲ್ಫ್ ಏರ್ ವಿಮಾನ ನೇರವಾಗಿ ಹಾರುತ್ತದೆ. ಭೂಪಟ ನೋಡಿದರೆ ಬಹ್ರೈನ್ ದೇಶವೇ ದ್ವೀಪ. ವಿಮಾನ ನಿಲ್ದಾಣವಿರುವುದು ಮುಹರ್ರಕ್ ಎಂಬ ಮತ್ತೊಂದು ದ್ವೀಪದಲ್ಲಿ. ಆದರೂ ರಾಜಧಾನಿ ಮನಾಮಾದಿಂದ ಹೊರಡುವ ನೌಕರರು ದೋಣಿಯ ಚಿಂತೆ ಮಾಡುವುದಿಲ್ಲ. ಎರಡರ ನಡುವೆ ಒಂದಲ್ಲ, ಮೂರು ಸೇತುವೆ ರಸ್ತೆಗಳಿವೆ. ಒಂದರಲ್ಲಿ ವಾಹನಗಳು ಕಿಕ್ಕಿರಿದರೆ ಇನ್ನೊಂದರಲ್ಲಿ ಹೋಗಬಹುದು. ಎರಡು ವರ್ಷಕ್ಕೊಮ್ಮೆ ರಜೆ ಪಡೆದು, ಹಗ್ಗ ಬಿಗಿದ ರಟ್ಟಿನ ಪೆಟ್ಟಿಗೆಗಳೊಂದಿಗೆ ಊರಿಗೆ ಹೊರಟವರಿಗೆ ಅಲ್ಲಿ ಮೂರು ಗಂಟೆಯ ಸಲಹೆ ನಿಜಕ್ಕೂ ಸಾಕಾಗುತ್ತದೆ. ಆ ಹೊತ್ತು ಬೇಕಾಗುವುದೂ ದಾರಿಗಲ್ಲ, ಲಗೇಜಿಗೆ. ನೀರು ಸುತ್ತುವರಿದ ಮಾತ್ರಕ್ಕೆ ಊರು ದ್ವೀಪವಾಗುವುದಿಲ್ಲ, ಎರಡನೆಯ ದಾರಿ ಇಲ್ಲದಿದ್ದರೆ ಆಗುತ್ತದೆ.

ಈಗ ಈ ಅಳತೆಗೋಲನ್ನು ನಮ್ಮೂರಿಗೆ ತರೋಣ. ಶ್ರೀ ಸತ್ಯಸಾಯಿ ಜಿಲ್ಲೆಯ ಹಿಂದೂಪುರದ ಜನರಿಗೆ ವಿಮಾನ ನಿಲ್ದಾಣವೆಂದರೆ ದೇವನಹಳ್ಳಿಯ ಕೆಂಪೇಗೌಡ ನಿಲ್ದಾಣವೇ. ಪುಟ್ಟಪರ್ತಿಯಲ್ಲಿ 1990ರಲ್ಲಿ ಶುರುವಾದ ನಿಲ್ದಾಣವಿದ್ದರೂ ಅದು ಖಾಸಗಿ. ಟಿಕೆಟ್ ಕೊಂಡು ಹತ್ತಬಹುದಾದ ನಿತ್ಯದ ವಿಮಾನ ಅಲ್ಲಿಲ್ಲ. ಲೇಪಾಕ್ಷಿಯ ಮೇಲೆ ಹೋಗಿ ಕೊಡಿಕೊಂಡದ ಬಳಿ 44ನೇ ರಾಷ್ಟ್ರೀಯ ಹೆದ್ದಾರಿ ಸೇರಿದರೆ ಬಾಗೇಪಲ್ಲಿ, ಚಿಕ್ಕಬಳ್ಳಾಪುರ ದಾಟಿ ದೇವನಹಳ್ಳಿ. ಒಟ್ಟು ತೊಂಬತ್ತು ಕಿಲೋಮೀಟರಿನ ಆಸುಪಾಸು. ಉತ್ತರದಿಂದ ಬರುವ ಈ ದಾರಿಗೆ ಹೆಬ್ಬಾಳದ ಮೇಲ್ಸೇತುವೆಯ ಕಾಟವೂ ಇಲ್ಲ. ಸ್ವಂತ ಕಾರಿದ್ದರೆ ಬೆಂಗಳೂರಿನ ದಕ್ಷಿಣದ ಬಡಾವಣೆಗಳವರಿಗಿಂತ ಹಿಂದೂಪುರದವರೇ ನಿಶ್ಚಿಂತೆಯಿಂದ ತಲುಪಬಹುದು. ಆದರೆ ಕಾರಿಲ್ಲದವರ ಕಥೆ ಬೇರೆ. ಹೆದ್ದಾರಿಯ ಬಸ್ಸುಗಳು ಬೆಂಗಳೂರಿಗೆ ಹೋಗುವಂಥವು, ಟರ್ಮಿನಲ್ಲಿಗಲ್ಲ. ದೇವನಹಳ್ಳಿಯಲ್ಲಿ ಇಳಿದು ಲಗೇಜು ಹೊತ್ತು ಬೇರೆ ವಾಹನ ಹುಡುಕಬೇಕು. ರೈಲಿನದು ಇನ್ನೂ ವಿಚಿತ್ರ. ಹಿಂದೂಪುರ ನಿಲ್ದಾಣ ನೈಋತ್ಯ ರೈಲ್ವೆಯ ಬೆಂಗಳೂರು ವಿಭಾಗದಲ್ಲೇ ಇದೆ. ವಿಮಾನ ನಿಲ್ದಾಣಕ್ಕೆಂದೇ 2021ರ ಜನವರಿಯಲ್ಲಿ ಒಂದು ಹಾಲ್ಟ್ ಸ್ಟೇಷನ್ ಕೂಡ ತೆರೆಯಿತು. ಆದರೆ ಅದಿರುವುದು ಯಲಹಂಕ–ಚಿಕ್ಕಬಳ್ಳಾಪುರ ಮಾರ್ಗದಲ್ಲಿ; ಹಿಂದೂಪುರದ ರೈಲು ಬರುವುದು ಗೌರಿಬಿದನೂರು, ದೊಡ್ಡಬಳ್ಳಾಪುರದ ಮೇಲೆ. ರೈಲಲ್ಲೇ ಹೋಗುತ್ತೇನೆ ಎಂದು ಹಠ ಹಿಡಿದರೆ ಯಲಹಂಕದವರೆಗೆ ದಕ್ಷಿಣಕ್ಕೆ ಹೋಗಿ, ರೈಲು ಬದಲಿಸಿ ಮತ್ತೆ ಉತ್ತರಕ್ಕೆ ಬರಬೇಕು. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎಂಬಂತೆ, ವಿಮಾನ ನಿಲ್ದಾಣ ಬಗಲಲ್ಲೇ ಇದ್ದೂ ಕೊನೆಯ ಹತ್ತಿಪ್ಪತ್ತು ಕಿಲೋಮೀಟರು ಕೈಕೊಡುತ್ತದೆ.

ಕಲ್ಯಾಣದುರ್ಗದ ಪಾಡು ಇನ್ನೂ ಬಿಗಿ. ಅನಂತಪುರದಿಂದ ಅರವತ್ತು ಕಿಲೋಮೀಟರು ಪಶ್ಚಿಮಕ್ಕಿರುವ ಈ ಶೇಂಗಾ ಸೀಮೆಯ ಊರಿಂದ ದೇವನಹಳ್ಳಿ ಇನ್ನೂರು ಕಿಲೋಮೀಟರಿಗೆ ಹತ್ತಿರ. ತುಮಕೂರಿನಿಂದ ಮಧುಗಿರಿ, ಮಡಕಶಿರಾ, ಪಾವಗಡ, ಕಲ್ಯಾಣದುರ್ಗದ ಮೇಲೆ ರಾಯದುರ್ಗಕ್ಕೆ ಹೋಗಬೇಕಾದ ರೈಲು ಮಾರ್ಗದಲ್ಲಿ ರಾಯದುರ್ಗದ ಕಡೆಯ ತುಣುಕು ಮೊದಲು ಮುಗಿಯಿತು, ದಕ್ಷಿಣದ ಕಡೆ ಕೆಲಸ ವರ್ಷಗಳಿಂದ ತೆವಳುತ್ತಲೇ ಬಂತು. ಆದ್ದರಿಂದ ರೈಲು ಹಳಿ ಕಂಡ ಊರಾಗಿಯೂ ಬೆಂಗಳೂರಿನ ಕಡೆಗೆ ಕಲ್ಯಾಣದುರ್ಗಕ್ಕೆ ಬಸ್ಸೇ ಆಧಾರ. ಹಳ್ಳಿಯಿಂದ ಪಲ್ಲೆವೆಲುಗು ಬಸ್ಸಿನಲ್ಲಿ ಊರಿಗೆ, ಅಲ್ಲಿಂದ ಇನ್ನೊಂದು ಬಸ್ಸಿನಲ್ಲಿ ಹೆದ್ದಾರಿಗೆ, ಹೆದ್ದಾರಿಯಿಂದ ದೇವನಹಳ್ಳಿಗೆ, ದೇವನಹಳ್ಳಿಯಿಂದ ಟರ್ಮಿನಲ್ಲಿಗೆ. ನಾಲ್ಕು ಕೊಂಡಿಗಳ ಸರಪಳಿ. ಹಗಲಲ್ಲಿ ಒಂದು ಕೊಂಡಿ ತಪ್ಪಿದರೆ ಗಂಟೆ, ಎರಡು ಗಂಟೆ ಹೋಗುತ್ತದೆ. ರಾತ್ರಿ ಕೊನೆಯ ಬಸ್ಸು ಹೋದ ಮೇಲೆ ತಪ್ಪಿದರೆ ಬೆಳಗಿನವರೆಗೆ ದಾರಿಯಿಲ್ಲ. ಮುಂಜಾನೆ ಆರರ ವಿಮಾನಕ್ಕೆ ಹೊರಟವರಿಗೆ ನಡುವಿನ ಆ ಕತ್ತಲು ಅಂಡಮಾನಿನ ಕಡಲಿಗಿಂತ ಕಿರಿದೇನಲ್ಲ. ಮರಳುವಾಗಲೂ ಇದೇ ಲೆಕ್ಕ. ‘ಮನೆಗೆ ಹಾರುವುದು’ ಎನ್ನುತ್ತೇವೆ. ಆದರೆ ವಿಮಾನ ಹಾರುವುದು ದೇವನಹಳ್ಳಿಗೆ, ಮನೆಗಲ್ಲ. ನಾಲ್ಕು ನೂರು ರೂಪಾಯಿ ಅಗ್ಗವೆಂದು ರಾತ್ರಿ ಹತ್ತೂವರೆಗೆ ಇಳಿಯುವ ಟಿಕೆಟ್ ಕೊಂಡವರು ಹಿಂದೂಪುರದವರೆಗೆ ಟ್ಯಾಕ್ಸಿಗೆ ಅದರ ಹಲವು ಪಟ್ಟು ತೆರಬೇಕಾಗುತ್ತದೆ, ಇಲ್ಲವೇ ಬೆಳಗಾಗುವವರೆಗೆ ಕುರ್ಚಿಯ ಮೇಲೆ ತೂಕಡಿಸಬೇಕಾಗುತ್ತದೆ. ದ್ವೀಪದಿಂದ ಹೊರಡುವ ವಿಮಾನವನ್ನು ಆರಿಸುವಾಗಲೇ ಊರಿನ ಕೊನೆಯ ಬಸ್ಸಿನ ಹೊತ್ತು ಎದುರಿಗಿರಬೇಕು.

ತಡವಾದರೆ ಆಗುವ ನಷ್ಟ ಕಂಪನಿಗೂ ಪ್ರಯಾಣಿಕರಿಗೂ ಸಮನಾಗಿದ್ದಿದ್ದರೆ ಇಷ್ಟು ಎಚ್ಚರ ಬೇಕಿರಲಿಲ್ಲ. ಆದರೆ ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯದ ನಿಯಮಗಳನ್ನು ಓದಿದರೆ ತಕ್ಕಡಿ ಯಾವ ಕಡೆ ವಾಲಿದೆ ಎಂದು ಗೊತ್ತಾಗುತ್ತದೆ. ಹೊತ್ತಿಗೆ ಸರಿಯಾಗಿ ಬಂದ ಪ್ರಯಾಣಿಕರಿಗೆ ಸೀಟಿಲ್ಲವೆಂದು ಕಂಪನಿ ಹತ್ತಿಸದಿದ್ದರೆ, ಒಂದು ಗಂಟೆಯೊಳಗೆ ಹೊರಡುವ ಬೇರೆ ವಿಮಾನ ಕೊಡದಿದ್ದರೆ, ಪರಿಹಾರ ಕೊಡಬೇಕು: 24 ಗಂಟೆಯೊಳಗೆ ಬೇರೆ ವಿಮಾನ ಸಿಕ್ಕರೆ ಗರಿಷ್ಠ 10,000 ರೂಪಾಯಿ, ಅದನ್ನೂ ಮೀರಿದರೆ ಗರಿಷ್ಠ 20,000. ವಿಮಾನವೇ ತಡವಾದರೆ ಒಂದು ಮಿತಿಯ ನಂತರ ಊಟ, ತಿಂಡಿ. ಆರು ಗಂಟೆ ಮೀರಿದರೆ ಬೇರೆ ವಿಮಾನ ಅಥವಾ ಪೂರ್ತಿ ಹಣ ವಾಪಸು. ಬಿರುಗಾಳಿಯಂಥ ಕೈಮೀರಿದ ಕಾರಣವಿದ್ದರೆ ಕಂಪನಿಗೆ ಪರಿಹಾರದ ಹೊಣೆಯಿಲ್ಲ. ಪ್ರಯಾಣಿಕರು ಐದು ನಿಮಿಷ ತಡವಾದರೆ? ಮೂಲ ದರ ಮುಳುಗಿತು ಎಂದೇ ಲೆಕ್ಕ. ತೆರಿಗೆ ಮತ್ತು ನಿಲ್ದಾಣದ ಬಳಕೆದಾರರ ಶುಲ್ಕವಷ್ಟೇ ವಾಪಸು ಕೇಳಬಹುದು. ಕಡಲು ಕೆರಳಿ ದೋಣಿ ನಿಂತಿತು ಎಂಬ ಕಾರಣ ಕಂಪನಿಗೆ ರಕ್ಷೆಯಾಗುವಂತೆ ಪ್ರಯಾಣಿಕರಿಗೆ ಆಗುವುದಿಲ್ಲ. ಶ್ರೀ ವಿಜಯಪುರಂನಿಂದ ಚೆನ್ನೈಗೆ ಒಂದು ಟಿಕೆಟ್, ಅಲ್ಲಿಂದ ಬೆಂಗಳೂರಿಗೆ ಬೇರೆ ಕಂಪನಿಯ ಇನ್ನೊಂದು ಟಿಕೆಟ್ ಕೊಂಡವರ ಗತಿಯೂ ಇದೇ. ಮೊದಲ ವಿಮಾನ ತಡವಾಗಿ ಎರಡನೆಯದು ತಪ್ಪಿದರೆ ಎರಡನೆಯ ಕಂಪನಿಗೆ ಅದು ತನಗೆ ಸಂಬಂಧವಿಲ್ಲದ ವಿಚಾರ. ತಕ್ಕಡಿ ಹೀಗೆ ವಾಲಿರುವವರೆಗೆ, ನಾಲ್ಕು ಜನರ ಕುಟುಂಬಕ್ಕೆ ಒಂದು ರಾತ್ರಿಯ ಲಾಡ್ಜ್ ಖರ್ಚು ದಂಡವಲ್ಲ, ವಿಮೆ.

ಇದಕ್ಕೆ ಬರುವ ಮೊದಲ ಆಕ್ಷೇಪ ತೂಕದ್ದೇ: ಎಲ್ಲರೂ ಮುಂಚೆ ಬಂದರೆ ನಿಲ್ದಾಣ ಜಾತ್ರೆಯಾಗುವುದಿಲ್ಲವೇ? ಆಗುತ್ತದೆ. 2022ರ ಡಿಸೆಂಬರಿನಲ್ಲಿ ದೆಹಲಿ ನಿಲ್ದಾಣ ಕಿಕ್ಕಿರಿದಾಗ ಇಂಡಿಗೋ ತನ್ನ ಪ್ರಯಾಣಿಕರಿಗೆ ಮೂರೂವರೆ ಗಂಟೆ ಮುಂಚೆ ಬರಲು ಹೇಳಿತ್ತು. ಅಂಥ ಸಲಹೆ ಜನರನ್ನು ಮುಂಚೆ ತರುತ್ತದೆ, ಮುಂಚೆ ಬಂದವರು ಸಾಲು ಬೆಳೆಸುತ್ತಾರೆ, ಬೆಳೆದ ಸಾಲು ಇನ್ನೂ ಮುಂಚಿನ ಸಲಹೆಗೆ ಕಾರಣವಾಗುತ್ತದೆ. ಈ ಆಕ್ಷೇಪವನ್ನು ನಾನು ಒಪ್ಪುತ್ತೇನೆ. ಅದು ನನ್ನ ವಾದವನ್ನು ಬಲಪಡಿಸುತ್ತದೆ ಎಂದೇ ಒಪ್ಪುತ್ತೇನೆ. ನಾನು ಹೇಳುತ್ತಿರುವುದು ಕೌಂಟರಿನ ಮುಂದೆ ಆರು ಗಂಟೆ ಮೊದಲು ನಿಲ್ಲಿ ಎಂದಲ್ಲ. ಬದಲಿ ವಾಹನ ಇಲ್ಲದ ಕೊನೆಯ ಕೊಂಡಿಯನ್ನು ಮೊದಲೇ ದಾಟಿಕೊಳ್ಳಿ ಎಂದು. ದಡ ಸೇರುವುದು ಬೇರೆ, ಸಾಲು ಸೇರುವುದು ಬೇರೆ. ಹಿಂದಿನ ರಾತ್ರಿಯೇ ಶ್ರೀ ವಿಜಯಪುರಂ ಸೇರಿದವರು ಬೆಳಗ್ಗೆ ಎರಡು ಗಂಟೆ ಮುಂಚೆ ಮಾತ್ರ ನಿಲ್ದಾಣಕ್ಕೆ ಹೋದರೆ ಸಾಲಿಗೆ ಭಾರವಲ್ಲ. ಜಾಗವನ್ನು ಕಿಕ್ಕಿರಿಸುವುದು ದಾರಿಯ ಆತಂಕವನ್ನೆಲ್ಲ ನಿಲ್ದಾಣದ ಒಳಗೆ ಕಳೆಯುವ ಅಭ್ಯಾಸ.

ಎರಡನೆಯ ಆಕ್ಷೇಪ ಹೊಸ ತಲೆಮಾರಿನದು: ಮೊಬೈಲಿನಲ್ಲೇ ಚೆಕ್-ಇನ್ ಆಗುತ್ತದೆ, ಮುಖ ತೋರಿಸಿದರೆ ಬಾಗಿಲು ತೆರೆಯುವ ಡಿಜಿಯಾತ್ರಾ ಬಂದಿದೆ, ಇನ್ನು ಹೊತ್ತಿನ ಚಿಂತೆ ಏಕೆ? ಡಿಜಿಯಾತ್ರಾ 2022ರ ಡಿಸೆಂಬರ್ 1ರಂದು ಮೊದಲು ಶುರುವಾದ ಮೂರು ನಿಲ್ದಾಣಗಳಲ್ಲಿ ಬೆಂಗಳೂರೂ ಒಂದು, ನಿಜ. ಅದು ಉಳಿಸುವುದು ಬಾಗಿಲಿನ ನಿಮಿಷಗಳನ್ನು. ಕೈಚೀಲ ಒಂದೇ ಇರುವ, ಕಚೇರಿ ಕೆಲಸಕ್ಕೆ ಹೋಗಿ ಬರುವ ಯುವಕರಿಗೆ ಅದು ಒಳ್ಳೆಯ ಲಾಭ. ಕುವೈತಿಗೋ ಬಹ್ರೈನಿಗೋ ಕೆಲಸಕ್ಕೆ ಹೊರಟವರ ವಿಷಯದಲ್ಲಿ ಅದರ ಬಲ ಬಹಳ ಕಡಿಮೆ. ಪಾಸ್‌ಪೋರ್ಟಿನಲ್ಲಿ ಇಸಿಆರ್ ಎಂದಿರುವವರು ಎಮಿಗ್ರೇಷನ್ ಅನುಮತಿಯ ಕಾಗದ ತೋರಿಸಬೇಕು, ವೀಸಾ ಪರಿಶೀಲನೆಯಾಗಬೇಕು, ಮಣಭಾರದ ಪೆಟ್ಟಿಗೆ ತೂಗಬೇಕು. ವಯಸ್ಸಾದ ತಂದೆತಾಯಿಯರಿಗೆ ಗಾಲಿಕುರ್ಚಿ ಬೇಕಾದರೆ ಅದಕ್ಕೂ ಕಾಯಬೇಕು. ಕಂಪ್ಯೂಟರು ದೋಣಿಯನ್ನು ಬೇಗ ಹೊರಡಿಸಲಾರದು, ಮಧ್ಯರಾತ್ರಿ ಕಲ್ಯಾಣದುರ್ಗಕ್ಕೆ ಬಸ್ಸು ಬಿಡಲಾರದು.

ಮೂರನೆಯ ಆಕ್ಷೇಪವೇ ನಿಜವಾಗಿ ಉತ್ತರ ಬೇಡುವಂಥದು. ಒಂದು ದಿನ ಮುಂಚೆ ಬಾ, ಒಂದು ರಾತ್ರಿ ತಂಗು ಎನ್ನುವುದು ಉಳ್ಳವರ ಬುದ್ಧಿಮಾತಲ್ಲವೇ? ಒಂದು ದಿನದ ಕೂಲಿ, ಒಂದು ದಿನದ ರಜೆ, ಒಂದು ರಾತ್ರಿಯ ಬಾಡಿಗೆ ಎಲ್ಲರಿಗೂ ಹಗುರವೇ? ಅಲ್ಲ. ಆದ್ದರಿಂದಲೇ ಈ ಹೊರೆಯನ್ನು ಪ್ರಯಾಣಿಕರ ತಲೆಯ ಮೇಲೆ ಮಾತ್ರ ಹೊರಿಸಬಾರದು. ಬಹ್ರೈನಿನ ಸೇತುವೆಗಳು ಲಕ್ಷಾಂತರ ಜನರ ಹೊತ್ತನ್ನು ಒಂದೇ ಸಲಕ್ಕೆ ಉಳಿಸಿದವು; ಅಲ್ಲಿನವರು ಒಬ್ಬೊಬ್ಬರೇ ಮುಂಚೆ ಏಳುವ ಅಭ್ಯಾಸ ಮಾಡಿಕೊಂಡದ್ದರಿಂದ ಅದು ಆಗಲಿಲ್ಲ. ನಮಗೆ ಸೇತುವೆ ಬೇಕಿಲ್ಲ, ಬಸ್ಸು ಸಾಕು. ಕೆಎಸ್‌ಆರ್‌ಟಿಸಿ ದೇವನಹಳ್ಳಿಯ ಟರ್ಮಿನಲ್ಲಿನಿಂದ ಮೈಸೂರಿಗೆ ವರ್ಷಗಳಿಂದ ‘ಫ್ಲೈಬಸ್’ ಓಡಿಸುತ್ತಿದೆ. ಅದಕ್ಕಿಂತ ಅರ್ಧ ದೂರದ ಹಿಂದೂಪುರಕ್ಕೆ, ದಿನಕ್ಕೆ ನಾಲ್ಕು ಹೊತ್ತಾದರೂ ವಿಮಾನಗಳ ವೇಳೆಗೆ ಹೊಂದುವ ಬಸ್ಸು ಏಕಿರಬಾರದು? ಅದನ್ನೇ ಪೆನುಕೊಂಡದ ಮೇಲೆ ಕಲ್ಯಾಣದುರ್ಗಕ್ಕೆ, ರಾತ್ರಿ ಒಂದು ಸಲ, ಮುಂಜಾನೆ ಒಂದು ಸಲ ಮುಂದುವರಿಸಬಾರದೇಕೆ? ಉತ್ತರ ಊಹಿಸುವುದು ಕಷ್ಟವಲ್ಲ. ಪ್ರಯಾಣಿಕರು ಆಂಧ್ರದವರು, ವಿಮಾನ ನಿಲ್ದಾಣ ಕರ್ನಾಟಕದ್ದು, ರೈಲು ಹುಬ್ಬಳ್ಳಿಯಲ್ಲಿ ಕೇಂದ್ರ ಕಚೇರಿಯಿರುವ ವಲಯದ್ದು. ಮೂರು ಕಚೇರಿಗಳ ನಡುವೆ ಕೂಸು ಬಡವಾಯಿತು.

ಆದರೆ ದೇವನಹಳ್ಳಿಯ ನಿಲ್ದಾಣಕ್ಕೆ ಈ ಸೀಮೆಯ ಋಣವಿದೆ. 2008ರ ಮೇ 24ರಂದು ಬಾಗಿಲು ತೆರೆದ ಆ ನಿಲ್ದಾಣಕ್ಕೆ ಕೇಂದ್ರ ಸರ್ಕಾರದ ಜೊತೆಗಿನ ಒಪ್ಪಂದದಲ್ಲಿ ಒಂದು ರಕ್ಷೆ ಸಿಕ್ಕಿದೆ: 25 ವರ್ಷ, ಅಂದರೆ 2033ರವರೆಗೆ, ಮೈಸೂರು, ಹಾಸನಗಳನ್ನು ಬಿಟ್ಟರೆ 150 ಕಿಲೋಮೀಟರಿನೊಳಗೆ ಹೊಸ ಅಂತರರಾಷ್ಟ್ರೀಯ ನಿಲ್ದಾಣಕ್ಕೆ ಅವಕಾಶವಿಲ್ಲ. ಹಿಂದೂಪುರ ಆ ವೃತ್ತದ ಒಳಗೇ ಬೀಳುತ್ತದೆ. ಬೇರೆ ಬಾಗಿಲು ತೆರೆಯಬಾರದು ಎಂದು ಬರೆಸಿಕೊಂಡವರು ಇರುವ ಬಾಗಿಲಿಗೆ ದಾರಿ ತೋರಿಸುವ ಹೊಣೆಯನ್ನೂ ಹೊರಬೇಕಲ್ಲವೇ? 2024–25ರಲ್ಲಿ ಆ ನಿಲ್ದಾಣವನ್ನು ಬಳಸಿದ ಪ್ರಯಾಣಿಕರ ಸಂಖ್ಯೆ 4 ಕೋಟಿ ದಾಟಿತು. ಪ್ರತಿ ಟಿಕೆಟ್ಟಿನಲ್ಲೂ ಬಳಕೆದಾರರ ಶುಲ್ಕ ಸೇರಿರುತ್ತದೆ. ಕೇಳಬೇಕಾದದ್ದು ದೊಡ್ಡ ಪಟ್ಟಿಯಲ್ಲ. ಎರಡು ರಾಜ್ಯಗಳ ಸಾರಿಗೆ ಸಂಸ್ಥೆಗಳು ಕೂಡಿ ಓಡಿಸುವ ಬಸ್ಸು ಒಂದು. ಕೊನೆಯ ಬಸ್ಸಿಗೆ ಬಂದಿಳಿದವರು ಬೆಳಗಿನವರೆಗೆ ಕಡಿಮೆ ಖರ್ಚಿನಲ್ಲಿ ಬೆನ್ನು ಚಾಚಲು ಒಂದು ಛತ್ರದಂಥ ಜಾಗ ಇನ್ನೊಂದು. ಟಿಕೆಟ್ಟಿನ ಸಂದೇಶದಲ್ಲಿ ‘ಎರಡು ಗಂಟೆ ಮುಂಚೆ’ ಎಂಬ ಮಾತಿನ ಜೊತೆಗೆ, ಕೌಂಟರ್ ಮುಚ್ಚುವ ಗಳಿಗೆಯನ್ನು ಕನ್ನಡದಲ್ಲೂ ತೆಲುಗಿನಲ್ಲೂ ಒಂದೇ ಸಾಲಿನಲ್ಲಿ ಬರೆಯುವುದು ಮೂರನೆಯದು. ಅಂಡಮಾನಿನ ಟಿಕೆಟ್ಟಾದರೆ ‘ಹಿಂದಿನ ರಾತ್ರಿ ಶ್ರೀ ವಿಜಯಪುರಂನಲ್ಲಿರಿ’ ಎಂದು ಸೇರಿಸಲು ಖರ್ಚೇನೂ ಇಲ್ಲ.

ಅದಾಗುವವರೆಗೆ ಲೆಕ್ಕ ನಮ್ಮ ಕೈಯಲ್ಲೇ ಇರಲಿ, ಆದರೆ ಅದನ್ನು ತಲೆಕೆಳಗಾಗಿ ಹಾಕೋಣ. ತಂಗಿದ ಕಡೆಯಿಂದ ಶುರುಮಾಡಿ ವಿಮಾನದ ಕಡೆಗಲ್ಲ, ಮರಳಬೇಕಾದ ಮನೆಯಿಂದ ಹಿಂದಕ್ಕೆ. ಹಿಂದೂಪುರಕ್ಕೋ ಕಲ್ಯಾಣದುರ್ಗಕ್ಕೋ ದೇವನಹಳ್ಳಿಯ ಕಡೆಯಿಂದ ಕೊನೆಯ ಬಸ್ಸು ಎಷ್ಟು ಹೊತ್ತಿಗೆ? ಅದಕ್ಕೆ ಎರಡು ಗಂಟೆ ಮೊದಲು ಇಳಿಯುವ ವಿಮಾನ ಯಾವುದು? ಆ ವಿಮಾನದ ಕೌಂಟರ್ ದ್ವೀಪದಲ್ಲಿ ಮುಚ್ಚುವುದು ಯಾವಾಗ? ಅದಕ್ಕಿಂತ ಮೊದಲು ದಾಟಬೇಕಾದ ಕಡಲು, ಕಾಡು, ಕೊಂಡಿಗಳು ಎಷ್ಟು, ಅವುಗಳಲ್ಲಿ ತಪ್ಪಿದರೆ ಅದೇ ದಿನ ಮತ್ತೆ ಸಿಗದಂಥವು ಯಾವುವು? ಅಂಥದು ಒಂದಿದ್ದರೂ ಹಿಂದಿನ ದಿನವೇ ದಾಟಿ. ಒಂದೂ ಇಲ್ಲದಿದ್ದರೆ ನಿಲ್ದಾಣಕ್ಕೆ ಎರಡು ಗಂಟೆ ಮುಂಚೆ ಹೋದರೆ ಸಾಕು, ನಾಲ್ಕು ಗಂಟೆ ಕಾದು ಸವೆಯಬೇಕಿಲ್ಲ. ಹಾಗೆ ಲೆಕ್ಕ ಹಾಕಿದವರು ಮಧ್ಯಾಹ್ನದ ವಿಮಾನದಲ್ಲಿ ದೇವನಹಳ್ಳಿಗೆ ಇಳಿದು, ಹೊತ್ತು ಮುಳುಗುವ ಮುಂಚೆ ಬಾಗೇಪಲ್ಲಿಯ ಕಡೆಯ ಬಸ್ಸು ಹತ್ತಿರುತ್ತಾರೆ. ಟಿಕೆಟ್ಟಿಗೆ ನಾಲ್ಕು ನೂರು ಹೆಚ್ಚು ಕೊಟ್ಟಿರುತ್ತಾರೆ, ರಾತ್ರಿಯೂಟವನ್ನು ಮನೆಯಲ್ಲೇ ಮಾಡುತ್ತಾರೆ.